ಮನೆಯಂಗಳಕ್ಕೆ ಅಚ್ಚು ಕಾಂಕ್ರೀಟೋ, ಪೇವರ್ ಬ್ಲಾಕೋ: ನೆಲದಡಿಯಿಂದ ಮೇಲಕ್ಕೆ ಯೋಚಿಸುವ ಬಗೆ

ಮನೆ ಕಟ್ಟಿಸುವವರು ಗೇಟಿನಿಂದ ಪೋರ್ಟಿಕೊವರೆಗಿನ ಜಾಗದ ಬಗ್ಗೆ ಯೋಚಿಸುವುದು ಸಾಮಾನ್ಯವಾಗಿ ಉಳಿದೆಲ್ಲ ಕೆಲಸ ಮುಗಿದ ಮೇಲೆ. ಆ ಹೊತ್ತಿಗೆ ಕೈಯಲ್ಲಿ ಹಣವೂ ಕಡಿಮೆ, ತಾಳ್ಮೆಯೂ ಕಡಿಮೆ. ಗೃಹಪ್ರವೇಶದ ಮುಹೂರ್ತ ಗೊತ್ತಾಗಿರುತ್ತದೆ, ಗುತ್ತಿಗೆದಾರರು ಮೊಬೈಲಿನಲ್ಲಿ ನಾಲ್ಕು ಚಿತ್ರ ತೋರಿಸುತ್ತಾರೆ, ಮನೆಯವರೆಲ್ಲ ಸೇರಿ ಬಣ್ಣ ಆರಿಸುತ್ತಾರೆ. ಹೀಗೆ ಚಿತ್ರ ನೋಡಿ ಆರಿಸಿದ ಅಂಗಳ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಿರುಕು ಬಿಟ್ಟರೆ ಅಥವಾ ಗಾಲಿ ಓಡಾಡುವ ಜಾಗದಲ್ಲಿ ಕುಸಿದರೆ ಅದಕ್ಕೆ ಮೇಲಿನ ಹಾಸು ಕಾರಣವಾಗಿರುವುದು ಅಪರೂಪ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಬಣ್ಣ ಮತ್ತು ವಿನ್ಯಾಸಗಳನ್ನು ಬದಿಗಿಟ್ಟು, ನೆಲದ ಅಡಿಯಲ್ಲಿ ಏನಿದೆ ಎಂಬಲ್ಲಿಂದ ಆರಂಭಿಸಿದ್ದೇನೆ.

ಮೊದಲು ಎರಡರ ಸ್ವಭಾವವನ್ನು ತಿಳಿದುಕೊಳ್ಳೋಣ. ಅಚ್ಚು ಕಾಂಕ್ರೀಟ್, ಅಂದರೆ ಗುತ್ತಿಗೆದಾರರ ಬಾಯಲ್ಲಿ ಸ್ಟ್ಯಾಂಪ್ಡ್ ಕಾಂಕ್ರೀಟ್, ಒಂದೇ ಅಖಂಡ ಹಾಸು. ನೆಲಕ್ಕೆ ಸುರಿದ ಕಾಂಕ್ರೀಟ್ ಇನ್ನೂ ಹಸಿಯಾಗಿರುವಾಗಲೇ ಅದರ ಮೇಲೆ ಬಣ್ಣದ ಪುಡಿ ಎರಚಿ, ಕಲ್ಲಿನ, ಇಟ್ಟಿಗೆಯ ಅಥವಾ ಮರದ ಹಲಗೆಯ ಮೈಯನ್ನು ಹೋಲುವ ಅಚ್ಚುಗಳನ್ನು ಒತ್ತುತ್ತಾರೆ. ಪೇವರ್ ಎಂದರೆ ಕಾರ್ಖಾನೆಯಲ್ಲಿ ತಯಾರಾದ ಬಿಡಿ ಬ್ಲಾಕುಗಳನ್ನು ಮರಳಿನ ಮೇಲೆ ಒತ್ತಾಗಿ ಜೋಡಿಸಿ, ಸಂದುಗಳಿಗೆ ಮರಳು ತುಂಬಿ ಮಾಡುವ ಹಾಸು. ಕರಾವಳಿಯಲ್ಲಿ ಇದನ್ನು ಇಂಟರ್‌ಲಾಕ್ ಎಂದೇ ಕರೆಯುತ್ತಾರೆ. ಕಾಂಕ್ರೀಟ್ ಹಾಸು ಬಾಗಲಾರದು. ಕೆಳಗಿನ ಮಣ್ಣು ಅಲುಗಿದರೆ ಬಿರಿಯುತ್ತದೆ. ಪೇವರ್ ಹಾಸು ಮಣ್ಣಿನ ಜೊತೆಗೆ ತಾನೂ ತುಸು ಏರಿಳಿಯುತ್ತದೆ. ಅದು ಬಿರಿಯುವುದಿಲ್ಲ, ತಗ್ಗು ಬೀಳುತ್ತದೆ. ಬಿರುಕನ್ನು ಗುರುತು ಸಿಗದಂತೆ ಮುಚ್ಚಲು ಸಾಧ್ಯವೇ ಇಲ್ಲ ಎನ್ನಬಹುದು. ತಗ್ಗನ್ನು ಅರ್ಧ ದಿನದಲ್ಲಿ ಸರಿಪಡಿಸಬಹುದು.

ಮೊದಲ ಹೆಜ್ಜೆ: ಅಡಿಯಲ್ಲಿ ಏನೇನು ಹೂತಿದೆ ಎಂದು ಗುರುತು ಹಾಕಿಕೊಳ್ಳಿ

ಬೆಂಗಳೂರು, ಮೈಸೂರುಗಳ 30x40 ನಿವೇಶನದಲ್ಲಿ ಕಾರು ನಿಲ್ಲುವ ಜಾಗ ಬರಿಯ ನೆಲವಲ್ಲ. ಸಂಪು ಅಲ್ಲೇ ಇರುತ್ತದೆ. ಕುಡಿಯುವ ನೀರಿನ ಪೈಪು ಅಲ್ಲಿಂದಲೇ ಒಳಬರುತ್ತದೆ. ಒಳಚರಂಡಿಯ ಪೈಪು ಮತ್ತು ಒಂದೆರಡು ಚೇಂಬರುಗಳು ಗೇಟಿನ ಕಡೆಗೆ ಸಾಗಿರುತ್ತವೆ. ಮೀಟರ್ ಪೆಟ್ಟಿಗೆಗೆ ಹೋಗುವ ವಿದ್ಯುತ್ ಕೇಬಲ್ ಒಂದು ಬದಿಯಲ್ಲಿ ಹಾದಿರುತ್ತದೆ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ಆದ ತಿದ್ದುಪಡಿಯಿಂದ ಬೆಂಗಳೂರಿನಲ್ಲಿ 30x40 ಅಳತೆಯ ನಿವೇಶನದ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾದ್ದರಿಂದ, ಎಷ್ಟೋ ಮನೆಗಳಲ್ಲಿ ಇಂಗುಗುಂಡಿಯೂ ಇದೇ ಜಾಗದಲ್ಲಿದೆ. ಇವುಗಳಲ್ಲಿ ಯಾವುದೂ ಶಾಶ್ವತವಾಗಿ ಮುಚ್ಚಿಡುವಂಥದ್ದಲ್ಲ.

ಒಂದು ಹಾಳೆಯಲ್ಲಿ ಅಂಗಳದ ನಕ್ಷೆ ಬರೆದು ಇವೆಲ್ಲವನ್ನೂ ಅಳತೆಯೊಂದಿಗೆ ಗುರುತಿಸಿ. ಪೈಪುಗಳು ಇನ್ನೂ ತೆರೆದಿದ್ದರೆ ಪಕ್ಕದಲ್ಲಿ ಟೇಪು ಹಿಡಿದು ಫೋಟೊ ತೆಗೆದಿಡಿ. ನಂತರ ನಕ್ಷೆಯನ್ನು ನೋಡಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಮುಂದಿನ ಹತ್ತು ವರ್ಷಗಳಲ್ಲಿ ಇಲ್ಲಿ ಅಗೆಯುವ ಸಂದರ್ಭ ಬರುತ್ತದೆಯೇ? ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಅಚ್ಚು ಕಾಂಕ್ರೀಟ್ ಹಾಕಿಸಿದ ಎರಡನೆಯ ವರ್ಷವೇ ನೀರಿನ ಪೈಪು ಸೋರತೊಡಗಿ, ಅಂಗಳದ ನಡುವೆ ಒಂದೂವರೆ ಅಡಿ ಅಗಲಕ್ಕೆ ಉದ್ದಕ್ಕೂ ಕತ್ತರಿಸಬೇಕಾಯಿತು. ಮುಚ್ಚಿದ ಮೇಲೆ ಬಣ್ಣ ಹೊಂದಲಿಲ್ಲ, ಅಚ್ಚಿನ ಸಾಲೂ ಕೂಡಲಿಲ್ಲ. ಇವತ್ತಿಗೂ ಅದು ಹೊಲಿಗೆ ಹಾಕಿದ ಗಾಯದಂತೆ ಕಾಣುತ್ತದೆ. ಪೇವರ್ ಆಗಿದ್ದರೆ ಬ್ಲಾಕುಗಳನ್ನು ಎತ್ತಿ, ಪೈಪು ಸರಿಪಡಿಸಿ, ಅವುಗಳನ್ನೇ ಮರಳಿ ಜೋಡಿಸಬಹುದಿತ್ತು. ಪೈಪುಗಳೆಲ್ಲ ಒಂದೇ ಬದಿಯಲ್ಲಿದ್ದರೆ ಮಧ್ಯದ ದಾರಿಯೂ ಇದೆ: ಆ ಬದಿಗೆ ಎರಡು ಅಡಿ ಅಗಲದ ಪೇವರ್ ಪಟ್ಟಿ ಹಾಕಿ, ಉಳಿದ ಭಾಗಕ್ಕೆ ಅಚ್ಚು ಕಾಂಕ್ರೀಟ್ ಹಾಕಿಸಬಹುದು. ನೋಟಕ್ಕೂ ಅದು ಅಂಚು ಕಟ್ಟಿದಂತೆ ಚೆನ್ನಾಗಿರುತ್ತದೆ.

ಸಂಪಿನ ಮೇಲೆ ಮಾತ್ರ ಎಚ್ಚರ ಬೇಕು. ಸಂಪಿನ ಸ್ಲ್ಯಾಬ್ ಕಾರಿನ ಭಾರಕ್ಕೆಂದೇ ಕಟ್ಟಿದ್ದೇ ಎಂದು ಕಟ್ಟಿದವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಅದರ ಮೇಲೆ ಮರಳು ಹಾಸಿ ಪೇವರ್ ಹಾಕಿದರೆ ಸಂದಿನಿಂದ ಇಳಿದ ನೀರು ಸ್ಲ್ಯಾಬಿನ ಮೇಲೆ ನಿಂತು ಮುಚ್ಚಳದ ಚೌಕಟ್ಟಿನ ಪಕ್ಕದಿಂದ ಸಂಪಿನೊಳಕ್ಕೆ ಜಿನುಗುವ ಅಪಾಯವಿದೆ. ಚೌಕಟ್ಟನ್ನು ಹಾಸಿಗಿಂತ ಒಂದಂಗುಲವಾದರೂ ಎತ್ತರಿಸಿ ಸುತ್ತ ಗಾರೆ ಮಾಡಿಸಬೇಕು.

ಎರಡನೆಯ ಹೆಜ್ಜೆ: ಮಣ್ಣನ್ನು ನೋಡಿ

ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಕಪ್ಪು ಎರೆಮಣ್ಣಿನವರಿಗೆ ಈ ವಿಷಯವನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಆ ಮಣ್ಣಿನ ಮೇಲೆ ನೇರವಾಗಿ ನಾಲ್ಕಂಗುಲದ ಕಾಂಕ್ರೀಟ್ ಸುರಿದರೆ ಅದು ಒಡೆಯುವುದು ಕಾಲದ ಮಾತು ಮಾತ್ರ. ಅಲ್ಲಿ ಪೇವರ್ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಅದಕ್ಕೂ ಎರಡು ಅಡಿಯಷ್ಟು ಎರೆಮಣ್ಣನ್ನು ತೆಗೆದು, ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡಬೇಕು. ಗರಸು ಮತ್ತು ಕೆಳಮಣ್ಣು ಬೆರೆಯದಂತೆ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದರೆ ಇನ್ನೂ ಒಳ್ಳೆಯದು. ಬೆಂಗಳೂರು, ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣು, ಕರಾವಳಿಯ ಮುರಕಲ್ಲಿನ ನೆಲ ಎರಡಕ್ಕೂ ಒಗ್ಗುತ್ತವೆ. ಅಲ್ಲಿ ಕೈಕೊಡುವುದು ನೆಲವಲ್ಲ, ನಾವು ತುಂಬಿದ ಮಣ್ಣು. ಪಾಯ ಅಗೆದ ಮಣ್ಣು, ಇಟ್ಟಿಗೆ ಚೂರು, ಸಿಮೆಂಟ್ ಚೀಲ ಎಲ್ಲವನ್ನೂ ಅಂಗಳಕ್ಕೆ ತುಂಬಿ ಮಟ್ಟ ಮಾಡಿರುವುದು ತೀರ ಸಾಮಾನ್ಯ. ಅಂಥ ತುಂಬಿನ ಮೇಲೆ ಕಡೇಪಕ್ಷ ಒಂದು ಮಳೆಗಾಲ ಕಳೆಯದೆ ಅಚ್ಚು ಕಾಂಕ್ರೀಟಿಗೆ ಕೈಹಾಕಬೇಡಿ.

ಮರಗಳನ್ನೂ ಇದೇ ಹಂತದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಿ. ಹತ್ತಡಿಯೊಳಗೆ ಮಾವು, ಹೊಂಗೆ ಅಥವಾ ಸಂಪಿಗೆ ಇದ್ದರೆ ಬೇರು ಮುಂದೊಂದು ದಿನ ಹಾಸನ್ನು ಎತ್ತುತ್ತದೆ. ಅಖಂಡ ಹಾಸಿಗಿಂತ ಬಿಡಿ ಬ್ಲಾಕು ಅಲ್ಲಿ ಸುಲಭ, ಮರಕ್ಕೂ ಸ್ವಲ್ಪ ನೀರು ಸಿಗುತ್ತದೆ.

ಮೂರನೆಯ ಹೆಜ್ಜೆ: ನೀರು ಎಲ್ಲಿಗೆ ಹೋಗಬೇಕು?

ಯಾವ ಹಾಸಾದರೂ ಮನೆಯ ಗೋಡೆಯಿಂದ ಹೊರಕ್ಕೆ ವಾಟ ಇರಲೇಬೇಕು. 50 ಅಡಿಗೆ ಒಂದು ಅಡಿ, ಅಂದರೆ 20 ಅಡಿ ಉದ್ದದ ಅಂಗಳಕ್ಕೆ ಹೆಚ್ಚು ಕಡಿಮೆ ಐದಂಗುಲ ಇಳಿತ ಎಂದು ಲೆಕ್ಕ ಹಿಡಿಯಿರಿ. ಅಚ್ಚು ಕಾಂಕ್ರೀಟಿನ ಮೈಯಲ್ಲಿ ಸಣ್ಣ ಗೆರೆ, ಗುಳಿಗಳಿರುವುದರಿಂದ ಅಲ್ಲಿ ವಾಟ ಕಡಿಮೆಯಾದರೆ ಗುಳಿಗಳಲ್ಲೆಲ್ಲ ನೀರು ನಿಲ್ಲುತ್ತದೆ.

ಪೇವರ್ ಹಾಕಿದರೆ ನೀರು ತಾನಾಗಿ ಇಂಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಇದನ್ನು ಅರ್ಧ ಮಾತ್ರ ನಂಬಿ. ಸಾಮಾನ್ಯ ಪೇವರ್ ಹಾಸಿನ ಸಂದು 2ರಿಂದ 4 ಮಿ.ಮೀ. ಮಾತ್ರ, ಕೆಳಗೆ ಜಲ್ಲಿ, ಕಲ್ಲುಪುಡಿ, ನೀರು ಬೆರೆಸಿ ಒತ್ತಿದ ವೆಟ್‌ಮಿಕ್ಸ್ ಗಟ್ಟಿಯಾಗಿ ಕೂತಿರುತ್ತದೆ. ಜೋರು ಮಳೆಯಲ್ಲಿ ಬಹುಪಾಲು ನೀರು ಮೇಲೆಯೇ ಹರಿದುಹೋಗುತ್ತದೆ. ನಿಜವಾಗಿ ಇಂಗಬೇಕಾದರೆ ಬುಡದಲ್ಲಿ ಪುಡಿಯಿಲ್ಲದ 40 ಮತ್ತು 20 ಮಿ.ಮೀ. ಜಲ್ಲಿ, ಅದರ ಮೇಲೆ ಮರಳಿನ ಬದಲು 6 ಮಿ.ಮೀ. ಚಿಪ್ಸ್, ಅಗಲ ಸಂದಿನ ಬ್ಲಾಕುಗಳು ಮತ್ತು ಸಂದಿಗೂ ಚಿಪ್ಸ್ ಬೇಕು. ಇದು ಕೆಂಪು ಮಣ್ಣಿನಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ; ಎರೆಮಣ್ಣಿನಲ್ಲಿ ಮಾತ್ರ ಮಾಡಿಸಬೇಡಿ, ಏಕೆಂದರೆ ಅಲ್ಲಿ ನೀರನ್ನು ಕೆಳಗಿಳಿಸುವುದೆಂದರೆ ಉಬ್ಬರವನ್ನು ನಾವೇ ಕರೆದಂತೆ. ಅಚ್ಚು ಕಾಂಕ್ರೀಟಿನವರು ಗೇಟಿನ ಬಳಿ ಅಡ್ಡ ಕಾಲುವೆ ಮಾಡಿ, ಮೇಲೆ ಜಾಲರಿ ಇಟ್ಟು, ನೀರನ್ನು ಇಂಗುಗುಂಡಿಗೆ ತಿರುಗಿಸಿದರೆ ಅದೇ ಫಲ ಸಿಗುತ್ತದೆ.

ನಾಲ್ಕನೆಯ ಹೆಜ್ಜೆ: ಅಂಗಳದಲ್ಲಿ ನೀವು ಏನು ಮಾಡುತ್ತೀರಿ?

ಮಲೆನಾಡು, ಕರಾವಳಿಯ ಮನೆಗಳಲ್ಲಿ ಅಂಗಳವೆಂದರೆ ಅಡಿಕೆ ಒಣಗುವ ಜಾಗ. ಪೇವರಿನ ಸಂದಿನಲ್ಲಿ ಕಸ ಕೂರುತ್ತದೆ, ಗುಡಿಸುವಾಗ ಮರಳು ಅಡಿಕೆಯೊಂದಿಗೆ ಬರುತ್ತದೆ. ಅಚ್ಚು ಕಾಂಕ್ರೀಟಿನ ಉಬ್ಬುತಗ್ಗಿನ ಮೇಲೆ ಗೋರುವುದು ಕಷ್ಟ. ಒಣಗಿಸುವ ಭಾಗಕ್ಕೆ ಅಚ್ಚಿಲ್ಲದ ಸಾದಾ ಕಾಂಕ್ರೀಟ್ ಸಾಕು, ಎರಡರ ಖರ್ಚೂ ಉಳಿಯುತ್ತದೆ. ಅದೇ ಸೀಮೆಯ ಇನ್ನೊಂದು ತೊಂದರೆ ಹಾವಸೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನೆಲ ಒಣಗುವುದೇ ಇಲ್ಲ. ಸೀಲರ್ (ಬಣ್ಣ ಕಾಪಾಡುವ ಪಾರದರ್ಶಕ ಲೇಪ) ಬಳಿದು ಹೊಳೆಯುವ ಅಚ್ಚು ಕಾಂಕ್ರೀಟ್ ಹಾವಸೆ ಕಟ್ಟಿದಾಗ ಹಿರಿಯರ ಪಾಲಿಗೆ ಅಪಾಯಕಾರಿ. ಒರಟು ಮೈಯ ಪೇವರಿಗೂ ಹಾವಸೆ ಹಿಡಿಯುತ್ತದೆ, ಆದರೆ ತಂತಿ ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ; ಉಜ್ಜಿದರೆ ಮೈ ಕೆಡುತ್ತದೆಂಬ ಭಯವಿಲ್ಲ.

ಸ್ಕೂಟರು, ಬೈಕುಗಳಿರುವ ಮನೆಯವರು ಸೈಡ್ ಸ್ಟ್ಯಾಂಡ್ ಅನ್ನು ಮರೆಯಬಾರದು. ಅದರ ಮೊನೆ ಒಂದೇ ಕಡೆ ದಿನವೂ ಒತ್ತಿ ಅಚ್ಚು ಕಾಂಕ್ರೀಟಿನ ಬಣ್ಣದ ಪದರವನ್ನು ಸುಲಿಯುತ್ತದೆ. ಗೇಟಿನ ಮುಂದೆ ದಿನವೂ ರಂಗೋಲಿ ಹಾಕುವವರಿಗೆ ಎರಡೂ ಅನುಕೂಲವಲ್ಲ. ಆ ನಾಲ್ಕಡಿ ಜಾಗಕ್ಕೆ ನಯವಾದ ಗ್ರಾನೈಟ್ ಚಪ್ಪಡಿ ಇಡಿಸಿಕೊಂಡ ಮನೆಗಳನ್ನು ನೋಡಿದ್ದೇನೆ, ಜಾಣ ಉಪಾಯ. ಹಿತ್ತಲಿನಲ್ಲಿ ಕುರ್ಚಿ ಹಾಕಿ ಕೂರುವ ಜಾಗಕ್ಕಾದರೆ, ಗಾಡಿಯ ಭಾರವಿಲ್ಲದ್ದರಿಂದ, ಅಚ್ಚು ಕಾಂಕ್ರೀಟ್ ನಿಜವಾಗಿ ಚೆಂದ. ಕುರ್ಚಿಯ ಕಾಲು ಸಂದಿಗೆ ಸಿಕ್ಕುವುದಿಲ್ಲ, ಗರಿಕೆ ಮೊಳೆಯುವುದಿಲ್ಲ, ಇರುವೆ ಗೂಡು ಕಟ್ಟುವುದಿಲ್ಲ.

ಪೇವರ್ ಎಂದು ನಿರ್ಧರಿಸಿದರೆ

ಬ್ಲಾಕಿನ ಗುಣಮಟ್ಟಕ್ಕೆ ಭಾರತೀಯ ಮಾನಕ ಬ್ಯೂರೊದ ಐಎಸ್ 15658 ಎಂಬ ಮಾನಕವಿದೆ. ಅದರ ಪ್ರಕಾರ ನಡಿಗೆಗೆ ಮಾತ್ರ ಬಳಸುವ ಜಾಗಕ್ಕೆ 50 ಮಿ.ಮೀ. ದಪ್ಪದ ಎಂ30 (ಎಂ ಜೊತೆಗಿನ ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟ್ ಗಟ್ಟಿ), ಮನೆಯ ಕಾರಿನಂಥ ಹಗುರ ಸಂಚಾರಕ್ಕೆ 60 ಮಿ.ಮೀ. ದಪ್ಪದ ಎಂ35 ಬ್ಲಾಕು ಬೇಕು. ನೀರಿನ ಟ್ಯಾಂಕರ್ ಒಳಗೆ ಬರುವ ಮನೆಯಾದರೆ 80 ಮಿ.ಮೀ. ದಪ್ಪದ ಎಂ40ಕ್ಕೆ ಹೋಗಿ. ತುಂಬಿದ ಟ್ಯಾಂಕರ್ ಹಗುರ ಸಂಚಾರವಲ್ಲ. ರಬ್ಬರ್ ಅಚ್ಚಿನಲ್ಲಿ ಸುರಿದು ತೆಗೆದ, ಗಾಜಿನಂತೆ ಹೊಳೆಯುವ ಬ್ಲಾಕಿಗಿಂತ ಯಂತ್ರದಲ್ಲಿ ಕಂಪನ ಕೊಟ್ಟು ಒತ್ತಿದ, ಒರಟು ಮೈಯ ಬ್ಲಾಕು ಗಾಡಿ ಓಡಾಡುವ ಜಾಗಕ್ಕೆ ವಾಸಿ. ಒಂದು ಮನೆ ಪರೀಕ್ಷೆಯನ್ನೂ ಮಾಡಬಹುದು. ಚೆನ್ನಾಗಿ ಒಣಗಿದ ಬ್ಲಾಕನ್ನು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಮೈ ಒರೆಸಿ ಮತ್ತೆ ತೂಗಿ. ಮಾನಕವು ಸರಾಸರಿ ಶೇ 6ರಷ್ಟು ನೀರು ಹೀರುವುದನ್ನು ಮಾತ್ರ ಒಪ್ಪುತ್ತದೆ, 200x100x60 ಮಿ.ಮೀ. ಬ್ಲಾಕು ಸುಮಾರು 2.9 ಕೆ.ಜಿ. ತೂಗುವುದರಿಂದ 170 ಗ್ರಾಮಿಗಿಂತ ಬಹಳ ಹೆಚ್ಚಾದರೆ ಆ ಲೋಡನ್ನು ವಾಪಸ್ಸು ಕಳಿಸಿ.

ಅಗೆತ ಸುಮಾರು ಹತ್ತಂಗುಲ ಆಗಬೇಕು: 150 ಮಿ.ಮೀ. ವೆಟ್‌ಮಿಕ್ಸ್, 30 ಮಿ.ಮೀ. ಮರಳು, 60 ಮಿ.ಮೀ. ಬ್ಲಾಕು. ವೆಟ್‌ಮಿಕ್ಸನ್ನು ಒಂದೇ ಸಲ ಸುರಿದು ಮೇಲೆ ಯಂತ್ರ ಓಡಿಸಿದರೆ ಮೇಲ್ಮೈ ಮಾತ್ರ ಗಟ್ಟಿಯಾಗುತ್ತದೆ, ಒಳಗೆ ಪೊಳ್ಳು ಉಳಿಯುತ್ತದೆ. ಮೂರು ನಾಲ್ಕು ಅಂಗುಲದ ಎರಡು ಪದರಗಳಲ್ಲಿ ಹಾಕಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರಕ್ಕೂ ಪ್ಲೇಟ್ ಕಾಂಪ್ಯಾಕ್ಟರ್ (ಕಂಪಿಸುತ್ತ ನೆಲವನ್ನು ಒತ್ತುವ ಯಂತ್ರ) ಓಡಿಸಬೇಕು. ವಾಟವನ್ನು ಈ ಹಂತದಲ್ಲೇ ಕೊಡಬೇಕು. ಮರಳನ್ನು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಹಾಸಿ ವಾಟ ಹೊಂದಿಸಿದರೆ ದಪ್ಪ ಇರುವ ಕಡೆ ಹಾಸು ಖಂಡಿತ ಕುಸಿಯುತ್ತದೆ.

ಅದಕ್ಕೂ ಮೊದಲು ಸುತ್ತಲೂ ಕಾಂಕ್ರೀಟ್ ಅಂಚು ಕಟ್ಟಿಸಿ. ಇಂಟರ್‌ಲಾಕ್ ಎಂಬ ಹೆಸರು ಬ್ಲಾಕಿನ ಆಕಾರದಿಂದಷ್ಟೇ ಸಾರ್ಥಕವಾಗುವುದಿಲ್ಲ. ಬ್ಲಾಕುಗಳು ಒಂದನ್ನೊಂದು ಒತ್ತಿ ಹಿಡಿಯಬೇಕಾದರೆ ಅಂಚು ಅಲುಗಬಾರದು. ಗೇಟಿನ ಬಳಿ ಅಂಚು ಕಟ್ಟದೆ ಬಿಟ್ಟ ಅಂಗಳಗಳಲ್ಲಿ ಕೊನೆಯ ಮೂರು ಸಾಲು ವರ್ಷದೊಳಗೆ ರಸ್ತೆಯ ಕಡೆಗೆ ಸರಿದಿರುವುದನ್ನು ಯಾವ ಬಡಾವಣೆಯಲ್ಲಾದರೂ ಕಾಣಬಹುದು.

ಮರಳಿನ ಹಾಸಿಗೆ ತೊಳೆದ ದಪ್ಪ ಎಂ-ಸ್ಯಾಂಡ್ ಬಳಸಿ. ಅಗ್ಗವೆಂದು ಕ್ರಷರ್ ಡಸ್ಟ್ ಹಾಕುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ, ಆದರೆ ಆ ನುಣುಪು ಪುಡಿ ನೀರನ್ನು ಹಿಡಿದಿಟ್ಟುಕೊಂಡು ಗಾಲಿಯ ಒತ್ತಡಕ್ಕೆ ಕೆಸರಾಗುತ್ತದೆ. ಎರಡು ಪೈಪುಗಳನ್ನು ಹಳಿಯಂತೆ ಇಟ್ಟು, ಅವುಗಳ ಮೇಲೆ ಪಟ್ಟಿ ಎಳೆದು ಮರಳನ್ನು ಸಮ ಮಾಡಿದ ಮೇಲೆ ಯಾರೂ ಅದನ್ನು ತುಳಿಯಬಾರದು; ಜೋಡಿಸಿದ ಬ್ಲಾಕಿನ ಮೇಲೆ ನಿಂತು ಮುಂದೆ ಮುಂದೆ ಹೋಗಬೇಕು. ಆಯತಾಕಾರದ ಬ್ಲಾಕಾದರೆ ಮೀನಿನ ಮುಳ್ಳಿನಂತೆ ಓರೆಯಾಗಿ ಜೋಡಿಸುವ ವಿನ್ಯಾಸವನ್ನೇ ಕೇಳಿ. ಕಾರು ಬ್ರೇಕು ಹಾಕಿ ತಿರುಗುವಾಗ ನೇರ ಸಾಲುಗಳು ಸರಿಯುತ್ತವೆ, ಇದು ಸರಿಯುವುದಿಲ್ಲ. ಜೋಡಿಸಿದ ಮೇಲೆ ಯಂತ್ರ ಓಡಿಸಿ, ಒಣಗಿದ ನುಣ್ಣನೆ ಮರಳನ್ನು ಗುಡಿಸಿ ಸಂದು ತುಂಬಿ, ಮತ್ತೆ ಯಂತ್ರ ಓಡಿಸಿ, ಮತ್ತೆ ಮರಳು ತುಂಬಬೇಕು.

ಕೆಲವು ಮೇಸ್ತ್ರಿಗಳು ಬ್ಲಾಕುಗಳನ್ನು ಸಿಮೆಂಟ್ ಗಾರೆಯ ಮೇಲೆ ಕೂರಿಸಿ, ಸಂದಿಗೆ ಸಿಮೆಂಟ್ ಹಾಲು ಸುರಿದು, ಗಟ್ಟಿಯಾಯಿತು ಎನ್ನುತ್ತಾರೆ. ಒಪ್ಪಬೇಡಿ. ಹಾಗೆ ಮಾಡಿದರೆ ಪೇವರಿನ ಎರಡು ಗುಣಗಳೂ, ಅಂದರೆ ಬಾಗುವುದು ಮತ್ತು ಎತ್ತಲು ಬರುವುದು, ಹೋಗಿಬಿಡುತ್ತವೆ. ಕಾಂಕ್ರೀಟಿನ ಬಿರುಕು ಮಾತ್ರ ಉಳಿಯುತ್ತದೆ.

ಅಚ್ಚು ಕಾಂಕ್ರೀಟ್ ಎಂದು ನಿರ್ಧರಿಸಿದರೆ

ಇದು ಸಾಮಗ್ರಿಗಿಂತ ಕೈಚಳಕದ ಕೆಲಸ, ಮತ್ತು ತಪ್ಪಾದರೆ ತಿದ್ದಲಾಗದ ಕೆಲಸ. ಆದ್ದರಿಂದ ಗುತ್ತಿಗೆದಾರರು ಎರಡು ಮೂರು ವರ್ಷದ ಹಿಂದೆ ಮಾಡಿದ ಅಂಗಳವನ್ನು ಹೋಗಿ ನೋಡಿ. ಕಳೆದ ತಿಂಗಳು ಮಾಡಿದ್ದನ್ನು ನೋಡಿ ಪ್ರಯೋಜನವಿಲ್ಲ.

ಕಾರಿಗೆ 100 ಮಿ.ಮೀ. ದಪ್ಪದ ಎಂ25 ಕಾಂಕ್ರೀಟ್, ಅದರೊಳಗೆ 8 ಮಿ.ಮೀ. ಕಬ್ಬಿಣದ ಜಾಲರಿ 200 ಮಿ.ಮೀ. ಅಂತರದಲ್ಲಿ ಸಾಕು. ಜಾಲರಿಯನ್ನು ನೆಲದ ಮೇಲೆ ಮಲಗಿಸಿ ಕಾಂಕ್ರೀಟ್ ಸುರಿದರೆ ಅದು ಇದ್ದೂ ಇಲ್ಲದಂತೆ. ಅಡಿಗೆ ಕವರ್ ಬ್ಲಾಕ್ ಎಂಬ ಸಣ್ಣ ಬಿಲ್ಲೆಗಳನ್ನು ಇಟ್ಟು ಮೇಲಕ್ಕೆತ್ತಿ ನಿಲ್ಲಿಸಬೇಕು. 10x20 ಅಡಿಯ ಅಂಗಳಕ್ಕೆ ಎರಡು ಘನ ಮೀಟರಿಗಿಂತ ತುಸು ಕಡಿಮೆ ಕಾಂಕ್ರೀಟ್ ಬೇಕಾಗುತ್ತದೆ. ಇಷ್ಟು ಕಡಿಮೆಗೆ ರೆಡಿಮಿಕ್ಸ್ ಲಾರಿ ತರಿಸುವುದು ದುಬಾರಿಯಾದ್ದರಿಂದ ಮಿಕ್ಸರ್ ಯಂತ್ರದಲ್ಲಿ ಸ್ಥಳದಲ್ಲೇ ಕಲಸುತ್ತಾರೆ. ಆಗ ಪ್ರತಿ ಸಲಕ್ಕೂ ನೀರಿನ ಅಳತೆ ಒಂದೇ ಇರಬೇಕು, ಇಲ್ಲವಾದರೆ ಬಣ್ಣ ಅಲ್ಲಲ್ಲಿ ಮಾಸಿದಂತೆ ಬರುತ್ತದೆ.

ಅಚ್ಚು ಒತ್ತುವ ಹದ ಒಂದೇ ಗಳಿಗೆಯದು. ಹೆಬ್ಬೆರಳಿನಿಂದ ಒತ್ತಿದಾಗ ಕಾಲಂಗುಲ ಆಳದ ಸ್ಪಷ್ಟ ಗುರುತು ಬೀಳಬೇಕು, ಬೆರಳಿಗೆ ಗಾರೆ ಅಂಟಬಾರದು. ಏಪ್ರಿಲ್ ಬಿಸಿಲಿನಲ್ಲಿ ಈ ಹದ ಬೇಗ ಜಾರಿಹೋಗುತ್ತದೆ. ಅಂಗಳದ ಒಂದು ತುದಿಯಲ್ಲಿ ಒತ್ತುವಷ್ಟರಲ್ಲಿ ಇನ್ನೊಂದು ತುದಿ ಗಟ್ಟಿಯಾಗಿ, ಅಚ್ಚು ಅರ್ಧಂಬರ್ಧ ಮೂಡುತ್ತದೆ. ನವೆಂಬರಿನಿಂದ ಫೆಬ್ರವರಿವರೆಗಿನ ಕಾಲ ಇದಕ್ಕೆ ಪ್ರಶಸ್ತ, ಅದೂ ಬೆಳಿಗ್ಗೆಯೇ ಆರಂಭಿಸಬೇಕು. ಬಣ್ಣದ ಪುಡಿ ಚದರ ಮೀಟರಿಗೆ ಸುಮಾರು 3 ಕೆ.ಜಿ. ಬೀಳಬೇಕು, ಚೀಲಗಳನ್ನು ಎಣಿಸಿ ನೋಡಿಕೊಳ್ಳಿ, ಉಳಿತಾಯ ನಡೆಯುವುದು ಇಲ್ಲಿಯೇ.

ಬಿರುಕು ಬರುವುದೇ ಇಲ್ಲ ಎಂದು ಯಾರಾದರೂ ಭರವಸೆ ಕೊಟ್ಟರೆ ಬೇರೆಯವರನ್ನು ಹುಡುಕಿ. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ. ಬಿರುಕು ಎಲ್ಲಿ ಬರಬೇಕು ಎಂದು ಗೊತ್ತುಮಾಡುವುದಷ್ಟೇ ನಮ್ಮ ಕೈಯಲ್ಲಿದೆ. ನಾಲ್ಕಂಗುಲ ದಪ್ಪದ ಹಾಸಿಗೆ ಎಂಟರಿಂದ ಹತ್ತು ಅಡಿಗೊಂದು ಕಡೆ, ದಪ್ಪದ ಕಾಲು ಭಾಗದಷ್ಟು, ಅಂದರೆ ಒಂದಂಗುಲ ಆಳಕ್ಕೆ ಕಟ್ಟರಿನಿಂದ ಗೀರು ಹಾಕಿಸಬೇಕು. ಮರುದಿನಕ್ಕೆ ಮುಂದೂಡುತ್ತ ಹೋದರೆ ಅಷ್ಟರಲ್ಲಿ ಕಾಂಕ್ರೀಟ್ ತನಗೆ ಬೇಕಾದಲ್ಲಿ ಬಿರಿದಿರುತ್ತದೆ. ಗೀರನ್ನು ಅಚ್ಚಿನ ಗೆರೆಯೊಂದಿಗೇ ಹೊಂದಿಸಿದರೆ ಕಣ್ಣಿಗೆ ಕಾಣುವುದಿಲ್ಲ. ಮನೆಯ ಗೋಡೆ, ಕಂಬ, ಸಂಪು, ಚೇಂಬರ್ ಇವುಗಳಿಗೆ ಹಾಸು ಅಂಟದಂತೆ ನಡುವೆ ತೆಳು ಫೋಮ್ ಪಟ್ಟಿ ಇಡಿಸಿ.

ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ತೇವವಾಗಿಟ್ಟು ಗಟ್ಟಿಯಾಗಿಸುವುದು, ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟ್ ಬಳಸಿದ್ದರೆ 10 ದಿನ. ಕಟ್ಟೆ ಕಟ್ಟಿ ನೀರು ನಿಲ್ಲಿಸಿದರೆ ಬಣ್ಣದ ಮೇಲೆ ಬಿಳಿ ಉಪ್ಪಿನ ಕಲೆ ಏಳಬಹುದು; ಕೆಲಸದವರು ಬಳಸುವ ಕ್ಯೂರಿಂಗ್ ದ್ರಾವಣವನ್ನೋ ಕಲೆ ಬಿಡದ ಒದ್ದೆ ಹೊದಿಕೆಯನ್ನೋ ಮೊದಲೇ ಮಾತಾಡಿಕೊಳ್ಳಿ. ಸೀಲರನ್ನು ಸುಮಾರು 28 ದಿನದ ನಂತರ, ನೆಲ ಪೂರ್ತಿ ಒಣಗಿರುವಾಗ, ತೆಳುವಾಗಿ ಎರಡು ಸಲ ಬಳಿಯಬೇಕು. ತೇವದ ಮೇಲೆ ಬಳಿದರೆ ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ. ಜಾರದಂತೆ ಸೀಲರಿಗೆ ಬೆರೆಸುವ ನುಣುಪು ಹರಳಿನ ಪುಡಿ ಸಿಗುತ್ತದೆ; ಕೇಳಿ ಹಾಕಿಸಿಕೊಳ್ಳಿ.

ದರಪಟ್ಟಿ ಹೋಲಿಸುವಾಗ

ಚದರಡಿಗೆ ಇಷ್ಟು ಎಂಬ ಒಂದೇ ಅಂಕಿಯನ್ನು ಹೋಲಿಸಬೇಡಿ. ಅಗೆತ ಮತ್ತು ಮಣ್ಣು ಸಾಗಣೆ, ಬುಡದ ದಪ್ಪ, ಅಂಚು, ಕಬ್ಬಿಣ, ಗೀರು, ಸೀಲರ್ ಇವು ದರದೊಳಗೆ ಸೇರಿವೆಯೇ ಎಂದು ಬರಹದಲ್ಲಿ ಪಡೆಯಿರಿ. ಅಗ್ಗದ ದರದಲ್ಲಿ ಸಾಮಾನ್ಯವಾಗಿ ಕಾಣೆಯಾಗಿರುವುದು ಬುಡ. ಅಚ್ಚು ಕಾಂಕ್ರೀಟಿನ ಲೆಕ್ಕಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಸೀಲರ್ ಬಳಿಸುವ ಖರ್ಚನ್ನು ಹತ್ತು ವರ್ಷದವರೆಗೆ ಸೇರಿಸಿ. ಪೇವರಿನ ಲೆಕ್ಕಕ್ಕೆ ವರ್ಷಕ್ಕೊಂದು ಆಳಿನ ಕೂಲಿ ಸೇರಿಸಿ, ಮಳೆಗಾಲ ಮುಗಿದ ಮೇಲೆ ಗರಿಕೆ ಕಿತ್ತು, ಇರುವೆ ಹೊರಹಾಕಿದ ಮರಳನ್ನು ಮತ್ತೆ ತುಂಬಲು. ಕೊನೆಯ ಕಂತಿನ ಸ್ವಲ್ಪ ಹಣವನ್ನು ಮೊದಲ ಜೋರು ಮಳೆಯವರೆಗೆ ತಡೆಹಿಡಿಯುವ ಕರಾರಿಗೆ ಒಪ್ಪುವವರು ಸಿಕ್ಕರೆ ಅವರಿಗೇ ಕೆಲಸ ಕೊಡಿ.

ಪೇವರ್ ತರಿಸುವವರು ಇಪ್ಪತ್ತು ಮೂವತ್ತು ಬ್ಲಾಕು ಹೆಚ್ಚಿಗೆ ತರಿಸಿ. ಮುಂದೆ ಅದೇ ಬಣ್ಣ ಸಿಗುವುದಿಲ್ಲ. ಅವನ್ನು ಮೆಟ್ಟಿಲಿನ ಕೆಳಗೆ ಜೋಪಾನವಾಗಿ ಮುಚ್ಚಿಡುವ ಬದಲು ಕಾಂಪೌಂಡಿನ ಮೂಲೆಯಲ್ಲಿ ಬಿಸಿಲು ಮಳೆಗೆ ಬಿದ್ದಿರುವಂತೆ ಹರಡಿಡಿ. ಅಂಗಳದ ಜೊತೆಗೇ ಮಾಸಿದ ಬ್ಲಾಕನ್ನು ಐದು ವರ್ಷದ ನಂತರ ನಡುವೆ ಕೂರಿಸಿದರೂ ಬೇರೆಯಾಗಿ ಕಾಣುವುದಿಲ್ಲ.